ಡಾಕ್ಟ್ರೇ, ಒಂದ್ ನಿಮಿಷ: ನಿದ್ದೆ ಮಾತ್ರೆ ಶುರು ಮಾಡಿದ್ದು ನೆನಪಿದೆ, ನಿಲ್ಲಿಸೋದು ಯಾವಾಗ?

ಹೋದ ಸಂಚಿಕೇಲಿ ನಿದ್ದೆ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ ಅಂತ ಕೊನೇಲಿ ಒಂದೇ ಒಂದು ಸಾಲು ಹಾಕಿದ್ದೆ, ಅಷ್ಟಕ್ಕೇ ಬಂದಿರೋ ಪತ್ರ, ಮೇಲ್, ವಾಟ್ಸಾಪ್ ಮೆಸೇಜು ನೋಡಿದ್ರೆ ಅರ್ಧ ಕರ್ನಾಟಕ ರಾತ್ರಿ ಎರಡು ಗಂಟೇಲಿ ಫ್ಯಾನ್ ತಿರುಗೋದು ನೋಡ್ತಾ ಮಲಗಿದೆ ಅನ್ಸುತ್ತೆ. ಎಲ್ಲಾ ಓದಿದೆ. ಒಂದು ವಿಷಯ ಸುಮಾರು ಎಲ್ಲರದ್ರಲ್ಲೂ ಇದೆ, ಏನಂದ್ರೆ ಮಾತ್ರೆ ಶುರು ಆಗಿದ್ದು ಯಾವಾಗ ಅಂತ ಎಲ್ರಿಗೂ ಪಕ್ಕಾ ನೆನಪಿದೆ, ಮಗಳ ಮದುವೆ ಟೈಮು, ಲಾಕ್‌ಡೌನ್ ಟೈಮು, ಮನೆ ಕಟ್ಟಿಸ್ತಾ ಇದ್ದಾಗ ಅಂತೆಲ್ಲಾ ಬರೆದಿದ್ದಾರೆ, ಆದ್ರೆ ಎಲ್ಲಿವರೆಗೆ ತಗೋಬೇಕು ಅಂತ ಡಾಕ್ಟ್ರೂ ಹೇಳಿಲ್ಲ, ಇವರೂ ಕೇಳಿಲ್ಲ. ತಪ್ಪು ನಮ್ಮದೂ ಇದೆ ಬಿಡಿ, ಹೊರಗಡೆ ನಲವತ್ತು ಜನ ಕಾಯ್ತಾ ಇದ್ದಾಗ 'ಅದನ್ನೇ ಕಂಟಿನ್ಯೂ ಮಾಡಿ' ಅಂತ ಬರೆಯೋದು ತುಂಬಾ ಸುಲಭ, ನಾನೂ ಬರೆದಿದ್ದೀನಿ.

ಯಾರ ಹೆಸರೂ ಹಾಕಿಲ್ಲ, ಪತ್ರದ ಕೊನೇಲಿ ಊರು ಮಾತ್ರ ಇದೆ, ಅದರ ಕೆಳಗೆ ನನ್ನ ಉತ್ತರ, ಪತ್ರಗಳನ್ನ ಸ್ವಲ್ಪ ಕತ್ತರಿಸಿದ್ದೀನಿ. ಇಲ್ಲಿ ಓದಿದ್ದನ್ನ ನಿಮ್ಮ ಡಾಕ್ಟ್ರ ಹತ್ರ ಮಾತಾಡೋಕೆ ಬಳಸ್ಕೊಳ್ಳಿ, ಮನೇಲಿ ಕೂತು ಡೋಸ್ ಬದಲಾಯಿಸೋಕೆ ಮಾತ್ರ ಬೇಡ.

ನನಗೆ 62 ವರ್ಷ. ಏಳು ವರ್ಷದ ಹಿಂದೆ ಯಜಮಾನ್ರು ಹೋದಾಗ ರಾತ್ರಿ ಕಣ್ಣೇ ಮುಚ್ತಾ ಇರ್ಲಿಲ್ಲ ಅಂತ ಆಲ್ಪ್ರಜೋಲಮ್ ಅನ್ನೋ ಮಾತ್ರೆ, 0.5 ಮಿಲಿಗ್ರಾಂದು, ಬರೆದುಕೊಟ್ರು. ಅವತ್ತಿಂದ ತಗೋತಾನೇ ಇದ್ದೀನಿ. ಹೋದ ತಿಂಗಳು ತಂಗಿ ಮನೆಗೆ ಹೋಗುವಾಗ ಮಾತ್ರೆ ಮರೆತೆ, ಹೇಗೂ ಬಿಡಬೇಕು ಅಂತಿದ್ದೆ, ಇದೇ ನೆಪ ಆಗ್ಲಿ ಅಂತ ಸುಮ್ಮನಾದೆ. ಎರಡನೇ ರಾತ್ರಿ ಕೈ ನಡುಕ, ಎದೆ ಡವಡವ, ಬೆವರು. ಮೂರು ರಾತ್ರಿ ಒಂದು ಚೂರೂ ನಿದ್ದೆ ಇಲ್ಲ. ವಾಪಸ್ ಬಂದು ಮಾತ್ರೆ ತಗೊಂಡ ಮೇಲೆ ಒಂದು ಗಂಟೇಲಿ ಎಲ್ಲಾ ಸರಿ ಹೋಯ್ತು. ನಾನು ಇದಕ್ಕೆ ಅಡಿಕ್ಟ್ ಆಗಿಬಿಟ್ಟಿದ್ದೀನಾ? — ತಿಪಟೂರು

ಅಮ್ಮಾ, ಮೊದಲು ಆ ಪದ ಬಿಟ್ಟುಬಿಡಿ. ಏಳು ವರ್ಷದಲ್ಲಿ ನೀವು ಅರ್ಧ ಇದ್ದಿದ್ದನ್ನ ಒಂದು ಮಾಡಿಲ್ಲ, ಸುಳ್ಳು ಹೇಳಿ ಬೇರೆ ಬೇರೆ ಕಡೆ ಬರೆಸ್ಕೊಂಡಿಲ್ಲ, ಬರೆದಷ್ಟನ್ನೇ ತಗೊಂಡಿದ್ದೀರಿ. ನಿಮ್ಮ ಮೈ ಮಾತ್ರೆಗೆ ಒಗ್ಗಿಹೋಗಿದೆ ಅಷ್ಟೇ. ಮೆದುಳಲ್ಲಿ ಗಾಬಾ ಅಂತ ಒಂದು ರಾಸಾಯನಿಕ ಇದೆ, ನರಗಳ ಗದ್ದಲ ಇಳಿಸೋದು ಅದರ ಕೆಲಸ, ಆಲ್ಪ್ರಜೋಲಮ್, ಕ್ಲೋನಾಜೆಪಾಮ್, ಲೊರಾಜೆಪಾಮ್, ಡಯಾಜೆಪಾಮ್ ಈ ಜಾತಿ ಮಾತ್ರೆಗಳೆಲ್ಲಾ ಆ ಗಾಬಾದ ಕೈ ಬಲಪಡಿಸ್ತವೆ. ದಿನಾ ಯಾರೋ ಬಂದು ಕೆಲಸ ಮಾಡಿಕೊಟ್ರೆ ಮನೆಯವರು ಸೋಮಾರಿ ಆಗಲ್ವಾ, ಹಾಗೆ ಮೆದುಳೂ ತನ್ನ ಪಾಲಿನದ್ದು ಕಮ್ಮಿ ಮಾಡ್ಕೊಂಡು ಕೂತಿರುತ್ತೆ. ಒಂದು ದಿನ ಕೆಲಸದವರು ಹೇಳದೆ ಕೇಳದೆ ಬರದೇ ಹೋದ್ರೆ ಏನಾಗುತ್ತೋ ಅದೇ ನಿಮ್ಮ ತಂಗಿ ಮನೇಲಿ ಆಗಿದ್ದು. ಆಲ್ಪ್ರಜೋಲಮ್ ರಕ್ತದಲ್ಲಿ ಅರ್ಧಕ್ಕೆ ಇಳಿಯೋಕೆ ಸುಮಾರು 11 ಗಂಟೆ ಸಾಕು, ವಯಸ್ಸಾದವರಲ್ಲಿ ಇನ್ನೂ ಒಂದಿಷ್ಟು ಜಾಸ್ತಿ, ಅದಕ್ಕೇ ಎರಡನೇ ರಾತ್ರಿಗೇ ಕಾಣಿಸ್ಕೊಂಡಿತು.

ಹೆದರಿಸೋಕೆ ಹೇಳ್ತಿಲ್ಲ, ಆದ್ರೆ ಹೇಳದೇ ಇರೋಕೂ ಆಗಲ್ಲ, ಇಷ್ಟು ವರ್ಷ ತಗೊಂಡ ಮಾತ್ರೇನ ಒಂದೇ ಏಟಿಗೆ ನಿಲ್ಲಿಸಿದ್ರೆ ಕೆಲವರಿಗೆ ಫಿಟ್ಸ್ ಬರುತ್ತೆ, ಜೀವಕ್ಕೇ ಅಪಾಯ ಆಗಬಹುದು. ನಡುಕ ಬೆವರಿಗೇ ಮುಗೀತಲ್ಲ, ಅದು ನಿಮ್ಮ ಪುಣ್ಯ. ಬಾವಿಗೆ ಕೊಡಪಾನ ಇಳಿಸುವಾಗ ಹಗ್ಗ ಪೂರ್ತಿ ಕೈ ಬಿಟ್ರೆ ರಾಟೆ ಗಿರಗಿರ ತಿರುಗಿ ಕೊಡ ಹೋಗಿ ಕಲ್ಲಿಗೆ ಬಡಿಯುತ್ತೆ, ಅದನ್ನ ಗೇಣು ಗೇಣಾಗಿ ಇಳಿಸ್ಬೇಕು.

ಹೇಗೆ ಇಳಿಸೋದು? ಅಮೆರಿಕದಲ್ಲಿ 2025ರಲ್ಲಿ ಬಂದ ಮಾರ್ಗಸೂಚಿ ಪ್ರಕಾರ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಆಗ ತಗೋತಾ ಇರೋ ಡೋಸಿನ ನೂರಕ್ಕೆ 5ರಿಂದ 10ರಷ್ಟು ಕಮ್ಮಿ ಮಾಡೋದು ಒಳ್ಳೇದು, ಎರಡು ವಾರದಲ್ಲಿ 25ಕ್ಕಿಂತ ಜಾಸ್ತಿ ಕಮ್ಮಿ ಮಾಡಲೇಬಾರದು. ಲೆಕ್ಕ ಹಾಕಿ ನೋಡಿ, 0.5ರ ಮಾತ್ರೇಲಿ ಕಾಲು ಮುರಿದು ಬಿಸಾಕಿ ಮುಕ್ಕಾಲು ನುಂಗಿದ್ರೆ ಒಂದೇ ಸಲಕ್ಕೆ ನೂರಕ್ಕೆ 25 ಹೋಯ್ತು, ಏಳು ವರ್ಷದವರಿಗೆ ಅದು ದೊಡ್ಡ ಹೆಜ್ಜೆ. ಅದರ ಬದಲು ಡಾಕ್ಟ್ರ ಹತ್ರ 0.25ರ ಮಾತ್ರೆ ಎರಡು ಬರೆಸ್ಕೊಂಡು ಅದ್ರಲ್ಲಿ ಒಂದರ ಕಾಲು ಭಾಗ ಬಿಟ್ರೆ ಒಟ್ಟಿನ ಎಂಟನೇ ಒಂದು ಪಾಲು ಮಾತ್ರ ಇಳಿಯುತ್ತೆ, ಅಲ್ಲಿಂದ ಮುಂದೆ ನಿಮ್ಮ ಮೈ ಹೇಗೆ ತಡ್ಕೊಳ್ಳುತ್ತೆ ನೋಡ್ಕೊಂಡು ಹೋಗೋದು. ಕೆಳಗೆ ಬಂದಷ್ಟೂ ಅದೇ ಕಾಲು ತುಂಡು ದೊಡ್ಡ ಪಾಲಾಗುತ್ತೆ, ಹಾಗಾಗಿ ಕೊನೆ ಕೊನೆ ಮೆಟ್ಟಿಲೇ ಕಷ್ಟ, ಅಲ್ಲಿ ಕೆಲವು ಡಾಕ್ಟ್ರು ನಿಧಾನಕ್ಕೆ ಇಳಿಯೋ ಬೇರೆ ಮಾತ್ರೆಗೆ ಬದಲಾಯಿಸಿ ಆಮೇಲೆ ಕಮ್ಮಿ ಮಾಡ್ತಾರೆ. ನಿಮಗೆ ತಿಂಗಳುಗಟ್ಟಲೆ ಹಿಡಿಯುತ್ತೆ, ವರ್ಷ ಆದ್ರೂ ಆಯ್ತು ಅಂದ್ಕೊಂಡು ಕೂರಿ, ಏಳು ವರ್ಷ ಹೋಗಿದೆಯಂತೆ, ಇನ್ನೊಂದು ವರ್ಷ ಏನು ಮಹಾ.

ಕತ್ತರಿಸೋ ವಿಷಯ ಸಣ್ಣದು ಅನ್ಸಬಹುದು ಆದ್ರೆ ಅಲ್ಲೇ ತುಂಬಾ ಜನ ಎಡವೋದು. ನಮ್ಮ ದೊಡ್ಡಮ್ಮ ಸ್ಟೀಲ್ ತಟ್ಟೆ ಮೇಲೆ ಮಾತ್ರೆ ಇಟ್ಟು ಶೇವಿಂಗ್ ಬ್ಲೇಡಿಂದ ಒತ್ತಿದ್ರು, ಅರ್ಧ ಹಾರಿ ಮಿಕ್ಸಿ ಹಿಂದೆ ಹೋಯ್ತು, ಉಳಿದಿದ್ದು ಪುಡಿ, ಆ ಪುಡೀನೇ ಬೆರಳಿಗೆ ಅಂಟಿಸ್ಕೊಂಡು ನೆಕ್ಕಿ ಮಲಗಿದ್ರು. ಅವತ್ತು ಎಷ್ಟು ಡೋಸ್ ಹೋಯ್ತೋ ದೇವರಿಗೇ ಗೊತ್ತು. ಮೆಡಿಕಲ್ ಶಾಪಲ್ಲಿ ಪಿಲ್ ಕಟ್ಟರ್ ಅಂತ ಸಣ್ಣ ಪ್ಲಾಸ್ಟಿಕ್ ಡಬ್ಬಿ ಸಿಗುತ್ತೆ, ಮುಚ್ಚಳದಲ್ಲೇ ಬ್ಲೇಡ್ ಇರುತ್ತೆ, ಒತ್ತಿದ್ರೆ ಸರಿಯಾಗಿ ಎರಡು ಹೋಳು. ಮಾತ್ರೆ ಹೆಸರಿನ ಮುಂದೆ ಎಸ್‌ಆರ್, ಇಆರ್, ಸಿಆರ್ ಅಂತ ಇದ್ರೆ ಮಾತ್ರ ಅದನ್ನ ಮುರಿಯಂಗಿಲ್ಲ, ಅದು ನಿಧಾನಕ್ಕೆ ಕರಗೋ ಥರ ಮಾಡಿರೋದು, ಮುರಿದ್ರೆ ಎಲ್ಲಾ ಒಂದೇ ಸಲ ಒಳಗೆ ಹೋಗುತ್ತೆ.

ಇನ್ನೊಂದು. ಪ್ರತಿ ಸಲ ಇಳಿಸಿದಾಗ ಎರಡು ಮೂರು ರಾತ್ರಿ, ಕೆಲವು ಸಲ ಒಂದು ವಾರ ನಿದ್ದೆ ಕೆಡುತ್ತೆ, ಆಗ ಎಲ್ರೂ ಹೇಳೋದು 'ನೋಡಿ ನನಗೆ ಮಾತ್ರೆ ಇಲ್ದೆ ಆಗೋದೇ ಇಲ್ಲ' ಅಂತ. ಅದು ಮಾತ್ರೆ ಇಳಿಸಿದ್ದಕ್ಕೆ ಮೈ ತೋರಿಸೋ ಸಿಟ್ಟು, ಅದೇ ಡೋಸಲ್ಲಿ ನಿಂತ್ರೆ ತಣ್ಣಗಾಗುತ್ತೆ. ತಡೆಯೋಕಾಗ್ಲಿಲ್ಲ ಅಂದ್ರೆ ಒಂದು ತಿಂಗಳು ಅಲ್ಲೇ ನಿಲ್ಲಿ, ಮುಂದಿನ ಮೆಟ್ಟಿಲು ಆಮೇಲೆ. ಪೂರ್ತಿ ಬಿಡೋಕೆ ಆಗದೆ ಅರ್ಧಕ್ಕೆ ನಿಂತ್ರೂ ನಿಮ್ಮ ವಯಸ್ಸಿಗೆ ಅದು ಲಾಭವೇ.

34 ವರ್ಷ, ಸಾಫ್ಟ್‌ವೇರ್ ಕೆಲಸ, ಅಮೆರಿಕದವರ ಜೊತೆ ಕಾಲ್ ಮುಗಿಯೋದೇ ರಾತ್ರಿ ಹನ್ನೊಂದೂವರೆ. ಮೂರು ವಾರದಿಂದ ಜೋಲ್ಪಿಡೆಮ್ 10 ತಗೋತಾ ಇದ್ದೀನಿ. ಮಾತ್ರೆ ನುಂಗಿ ಅದು ಕಿಕ್ ಇನ್ ಆಗೋವರೆಗೂ ಫೋನ್ ನೋಡ್ತಾ ಇರ್ತೀನಿ. ಮೊನ್ನೆ ಶನಿವಾರ ಬೆಳಿಗ್ಗೆ ಎದ್ದು ನೋಡಿದ್ರೆ ಬಾಣಲೇಲಿ ಅರ್ಧಂಬರ್ಧ ಹುರಿದ ರವೆ, ಪಕ್ಕದಲ್ಲಿ ಹೆಚ್ಚಿದ ಈರುಳ್ಳಿ. ಮನೇಲಿ ನಾನೊಬ್ಳೇ ಇರೋದು. ಏನೂ ನೆನಪಿಲ್ಲ. ಶುಕ್ರವಾರ ರಾತ್ರಿ ಫ್ರೆಂಡ್ಸ್ ಜೊತೆ ಒಂದು ಗ್ಲಾಸ್ ವೈನ್ ಕುಡಿದಿದ್ದೆ ಅಷ್ಟೇ. — ಬೆಂಗಳೂರು

ಆ ಮಾತ್ರೆ ಮತ್ತೆ ತಗೋಬೇಡಿ, ಇವತ್ತೇ ಬರೆದುಕೊಟ್ಟ ಡಾಕ್ಟ್ರಿಗೆ ಫೋನ್ ಮಾಡಿ ಈರುಳ್ಳಿ ಸಮೇತ ಎಲ್ಲಾ ಹೇಳಿ. ನಗಾಡ್ತಾ ಹೇಳ್ತಿಲ್ಲ. ಜೋಲ್ಪಿಡೆಮ್ ತಗೊಂಡವರು ನಿದ್ದೆಗಣ್ಣಲ್ಲೇ ನಡೆಯೋದು, ಅಡುಗೆ ಮಾಡೋದು, ಗಾಡಿ ಓಡಿಸೋದು ವೈದ್ಯಲೋಕಕ್ಕೆ ಗೊತ್ತಿರೋದೇ, ಅಪರೂಪ ಆದ್ರೆ ನಿಜ. 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ 66 ಗಂಭೀರ ಪ್ರಕರಣ ಪರಿಶೀಲಿಸಿ, ಅದ್ರಲ್ಲಿ 20 ಜನ ಸತ್ತಿದ್ರು, ಮಾತ್ರೆ ಪೆಟ್ಟಿಗೆ ಮೇಲೆ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸ್ತು. ಒಂದು ಸಲ ಹಾಗಾದವರು ಮತ್ತೆ ತಗೋಬಾರದು ಅಂತ ಅದ್ರಲ್ಲೇ ಇದೆ. ಕಮ್ಮಿ ಡೋಸಲ್ಲೂ, ಮೊದಲನೇ ಸಲ ತಗೊಂಡಾಗಲೂ ಆಗಬಹುದು. ನಿಮ್ಮ ಮನೇಲಿ ಆ ರವೆ ಕೆಳಗೆ ಗ್ಯಾಸ್ ಉರೀತಿತ್ತು ಅನ್ನೋದು ನೆನಪಿರ್ಲಿ, ಅದನ್ನ ಆಫ್ ಮಾಡಿದ್ದೂ ನೀವೇ, ಅದೂ ನಿಮಗೆ ನೆನಪಿಲ್ಲ.

ಒಂದು ಗ್ಲಾಸ್ ಅಷ್ಟೇ ಅಂದ್ರಿ. ಮದ್ಯವೂ ಈ ಮಾತ್ರೇನೂ ಮೆದುಳಲ್ಲಿ ತಟ್ಟೋದು ಒಂದೇ ಬಾಗಿಲು. ಎರಡೂ ಸೇರಿದ್ರೆ ಒಂದಕ್ಕೊಂದು ಕೂಡಿದ ಲೆಕ್ಕಕ್ಕಿಂತ ಜಾಸ್ತಿ ಆಗುತ್ತೆ, ಉಸಿರಾಟ ನಿಧಾನ ಆಗುತ್ತೆ. ಅರ್ಧ ಪೆಗ್ಗು, ಬಿಯರ್ರು, ಮನೇಲಿ ಮಾಡಿದ ವೈನು ಯಾವುದಕ್ಕೂ ರಿಯಾಯಿತಿ ಇಲ್ಲ. ಟ್ರಾಮಡಾಲ್ ಥರದ ನೋವಿನ ಮಾತ್ರೆ, ಕೋಡಿನ್ ಇರೋ ಕೆಮ್ಮಿನ ಸಿರಪ್ ಇವಕ್ಕೂ ಇದೇ ಮಾತು, ಹಲ್ಲಿನ ಡಾಕ್ಟ್ರ ಹತ್ರ ಹೋದ್ರೂ ನಿದ್ದೆ ಮಾತ್ರೆ ತಗೋತೀನಿ ಅಂತ ಮೊದಲೇ ಹೇಳಿ.

ಡೋಸು. 2013ರಲ್ಲೇ ಎಫ್‌ಡಿಎ ಹೆಂಗಸರಿಗೆ ಮಾಮೂಲಿ ಜೋಲ್ಪಿಡೆಮ್ 10ರಿಂದ 5ಕ್ಕೆ ಇಳಿಸ್ತು, ಯಾಕಂದ್ರೆ ಹೆಂಗಸರ ಮೈಯಿಂದ ಇದು ನಿಧಾನಕ್ಕೆ ಖಾಲಿ ಆಗುತ್ತೆ, ಬೆಳಿಗ್ಗೆ ಎದ್ದಾಗ ತಲೆ ಫ್ರೆಶ್ ಅನ್ಸಿದ್ರೂ ರಕ್ತದಲ್ಲಿ ಗಾಡಿ ಓಡಿಸೋಕೆ ಆಗದಷ್ಟು ಉಳಿದಿರಬಹುದು. ಹನ್ನೆರಡೂವರೆಗೆ ನುಂಗಿ ಆರೂವರೆಗೆ ಎದ್ದು ಔಟರ್ ರಿಂಗ್ ರೋಡಲ್ಲಿ ಸ್ಕೂಟರ್ ಹತ್ತೋರು ನಿಮ್ಮಂಥವರು ಎಷ್ಟು ಜನರೋ, ಮಲಗೋಕೆ ಏಳೆಂಟು ಗಂಟೆ ಪೂರ್ತಿ ಇಲ್ಲ ಅಂದ್ರೆ ಈ ಮಾತ್ರೆ ಮುಟ್ಟಲೇಬಾರದು.

ಇನ್ನು ನುಂಗಿ ಫೋನ್ ನೋಡೋದು. ಇಲ್ಲೇ ನಿಮ್ಮಂಥ ಓದಿದವರೂ ತಪ್ಪು ಮಾಡೋದು. ಇದು ಹದಿನೈದು ಇಪ್ಪತ್ತು ನಿಮಿಷದಲ್ಲಿ ಹತ್ತೋ ಮಾತ್ರೆ, ಹತ್ತುವಾಗ ಎಚ್ಚರ ಇದ್ದರೆ ಆ ಹೊತ್ತಿನ ನೆನಪು ಅಳಿಸಿ ಹೋಗುತ್ತೆ, ಆಮೇಲೆ ಬೆಳಿಗ್ಗೆ ನೋಡಿದ್ರೆ ಎಕ್ಸ್‌ಗೆ ಮೆಸೇಜ್ ಹೋಗಿರುತ್ತೆ, ಆನ್‌ಲೈನಲ್ಲಿ ಮೂರು ಕುರ್ತಾ ಆರ್ಡರ್ ಆಗಿರುತ್ತೆ. ಇದನ್ನ ತಗೊಳ್ಳೋರು ಹಲ್ಲುಜ್ಜಿ, ಬಾಗಿಲು ಹಾಕಿ, ಲೈಟ್ ಆರಿಸೋದೊಂದೇ ಬಾಕಿ ಅನ್ನೋವಾಗ ಹಾಸಿಗೆ ಮೇಲೇ ಕೂತು ನುಂಗಬೇಕು. ಹೊಟ್ಟೆ ತುಂಬಾ ಬಿರಿಯಾನಿ ತಿಂದು ತಕ್ಷಣ ನುಂಗಿದ್ರೆ ಹತ್ತೋದು ತಡ ಆಗುತ್ತೆ, ತಡ ಆಯ್ತು ಅಂತ ಇನ್ನೊಂದು ನುಂಗೋರೂ ಇದ್ದಾರೆ, ಅದಂತೂ ಬೇಡವೇ ಬೇಡ.

ಅಪ್ಪನಿಗೆ 74. ರಾತ್ರಿ ನಾಲ್ಕೈದು ಸಲ ಏಳ್ತಾರೆ, ನಿದ್ದೀನೇ ಇಲ್ಲ ಅಂತ ಒಂದೇ ಗೋಳು. ಮೆಡಿಕಲ್ ಶಾಪಿನವರು ಅಲರ್ಜಿ ಮಾತ್ರೇನೇ ನಿದ್ದೆಗೂ ಆಗ್ತೈತಿ ಅಂತ ಕೊಟ್ರು. ಅದೂ ಸಾಲದೆ ಪಕ್ಕದ ಮನೆಯವರ ಕ್ಲೋನಾಜೆಪಾಮ್ ಒಂದು ಸ್ಟ್ರಿಪ್ ಇಸ್ಕೊಂಡು ತಗೋತಾ ಇದ್ರು. ಹೋದ ವಾರ ಬಾತ್‌ರೂಮಿಗೆ ಹೋಗೋವಾಗ ಬಿದ್ದು ಹಣೆಗೆ ಮೂರು ಹೊಲಿಗೆ. ಗೊರಕೆನೂ ಜೋರು. ಯಾವ ಮಾತ್ರೆ ಸೇಫು? — ಧಾರವಾಡ

ಹೊಲಿಗೆಗೇ ಮುಗೀತಲ್ಲ, ಸೊಂಟದ ಮೂಳೆ ಮುರಿದಿದ್ರೆ ನಿಮ್ಮ ಪತ್ರದ ಧಾಟಿಯೇ ಬೇರೆ ಇರ್ತಿತ್ತು. ವಯಸ್ಸಾದವರಿಗೆ ಕೊಡಬಾರದ ಮಾತ್ರೆಗಳದ್ದೇ ಒಂದು ಪಟ್ಟಿ ಇದೆ, ಬಿಯರ್ಸ್ ಪಟ್ಟಿ ಅಂತ, ಅಮೆರಿಕದ ವೃದ್ಧ ವೈದ್ಯಕೀಯ ಸಂಘ ಆಗಾಗ ಪರಿಷ್ಕರಿಸುತ್ತೆ, ಕ್ಲೋನಾಜೆಪಾಮ್ ಜಾತಿ, ಜೋಲ್ಪಿಡೆಮ್ ಜಾತಿ, ನಿದ್ದೆ ಬರಿಸೋ ಹಳೇ ಅಲರ್ಜಿ ಮಾತ್ರೆ, ಮೂರೂ ಅದ್ರಲ್ಲಿವೆ. ನಿಮ್ಮಪ್ಪ ಮೂರ್ರಲ್ಲಿ ಎರಡನ್ನ ಒಟ್ಟಿಗೆ ತಗೊಂಡಿದ್ದಾರೆ. ಕ್ಲೋನಾಜೆಪಾಮ್ ಮೈಯಲ್ಲಿ ಅರ್ಧಕ್ಕೆ ಇಳಿಯೋಕೇ 30ರಿಂದ 40 ಗಂಟೆ ಬೇಕು, ಅಂದ್ರೆ ಸೋಮವಾರದ್ದು ಇನ್ನೂ ಒಳಗಿದ್ದಾಗಲೇ ಮಂಗಳವಾರದ್ದು, ಅದರ ಮೇಲೆ ಬುಧವಾರದ್ದು, ಹೀಗೆ ಅಟ್ಟಿ ಕಟ್ಟುತ್ತೆ. ಹಗಲಲ್ಲೇ ತೂಕಡಿಕೆ, ಮರೆವು, ಕಾಲು ತೊಡರೋದು, 'ಅಪ್ಪನಿಗೆ ವಯಸ್ಸಾಯ್ತು' ಅಂತ ಮನೆಯವರು ಅಂದ್ಕೊಂಡಿರ್ತಾರೆ.

ಈಗ ಕೇಳಿ, ಅವರು ಏಳೋದು ನಿದ್ದೆ ಬರದೇನೋ, ಮೂತ್ರಕ್ಕೋ? ಪತ್ರದಲ್ಲಿ ಬಾತ್‌ರೂಮ್ ಅಂತ ನೀವೇ ಬರೆದಿದ್ದೀರಿ. 74 ವರ್ಷದ ಗಂಡಸು ರಾತ್ರಿ ನಾಲ್ಕೈದು ಸಲ ಎದ್ರೆ ನಾನು ಮೊದಲು ನೋಡೋದು ಪ್ರಾಸ್ಟೇಟ್, ಶುಗರ್, ಆಮೇಲೆ ಬಿಪಿಗೆ ಅಂತ ಸಂಜೆ ಹೊತ್ತು ನೀರು ಇಳಿಸೋ ಮಾತ್ರೆ ತಗೋತಾ ಇದ್ದಾರಾ ಅಂತ. ಕೆಲವು ಸಲ ಆ ಒಂದು ಮಾತ್ರೇನ ಡಾಕ್ಟ್ರು ಬೆಳಿಗ್ಗೆಗೆ ಬದಲಾಯಿಸಿದ್ರೇ ರಾತ್ರಿ ಎರಡು ಏಳಾಟ ಕಮ್ಮಿ ಆಗುತ್ತೆ. ಮತ್ತೆ ನೋಡಿ, ಪ್ರಾಸ್ಟೇಟ್ ಇರೋರಿಗೆ ಆ ಅಲರ್ಜಿ ಮಾತ್ರೆ ಕೊಟ್ರೆ ಮೂತ್ರ ಇನ್ನೂ ಕಟ್ಟುತ್ತೆ, ಪೂರ್ತಿ ನಿಂತುಹೋಗಿ ನಡುರಾತ್ರಿ ಟ್ಯೂಬ್ ಹಾಕಿಸ್ಕೊಂಡವರನ್ನ ನೋಡಿದ್ದೀನಿ. ಮೂತ್ರದ ಕಾಯಿಲೆಗೆ ನಿದ್ದೆ ಮಾತ್ರೆ ಕೊಟ್ಟು, ಆ ಮಾತ್ರೆಯಿಂದ ಮೂತ್ರ ಕಟ್ಟಿಸಿ, ಅದಕ್ಕೆ ಎದ್ದು ಹೋಗುವಾಗ ಅದೇ ಮಾತ್ರೆ ಮಂಪರಲ್ಲಿ ಬೀಳೋದು, ಒಳ್ಳೆ ಗಾಣದೆತ್ತಿನ ಸುತ್ತು.

ಗೊರಕೆ ಬಗ್ಗೆ ಕೊನೇಲಿ ಒಂದು ಮಾತು ಬರೆದು ಬಿಟ್ಟಿದ್ದೀರಿ, ನಾನಾದ್ರೆ ಅದನ್ನೇ ಮೊದಲು ಬರೀತಿದ್ದೆ. ಅವರು ಮಲಗಿದಾಗ ಒಂದು ರಾತ್ರಿ ಪಕ್ಕದಲ್ಲಿ ಕೂತು ಕೇಳಿ, ಗೊರಕೆ ತಟ್ಟನೆ ನಿಂತು, ಹತ್ತಿಪ್ಪತ್ತು ಸೆಕೆಂಡು ಸದ್ದೇ ಇಲ್ಲದೆ, ಆಮೇಲೆ ಗಕ್ ಅಂತ ಉಸಿರು ಎಳ್ಕೊಂಡ್ರೆ ಅದು ಸ್ಲೀಪ್ ಅಪ್ನಿಯಾ ಇರಬಹುದು, ಗಂಟಲ ದಾರಿ ಮುಚ್ಚಿ ಉಸಿರು ನಿಲ್ಲೋದು. ರಾತ್ರಿ ಮೂತ್ರಕ್ಕೆ ಏಳೋದಕ್ಕೂ ಅದೇ ಕಾರಣ ಆಗಬಹುದು. ಫೋನಲ್ಲಿ ಎರಡು ನಿಮಿಷ ರೆಕಾರ್ಡ್ ಮಾಡ್ಕೊಂಡು ಹೋಗಿ ಡಾಕ್ಟ್ರಿಗೆ ಕೇಳಿಸಿ. ಅದು ಇದ್ದವರಿಗೆ ನಿದ್ದೆ ಮಾತ್ರೆ ಕೊಟ್ರೆ ಗಂಟಲಿನ ಸ್ನಾಯು ಇನ್ನೂ ಸಡಿಲ ಆಗಿ, ಉಸಿರು ನಿಂತಾಗ ಎಬ್ಬಿಸೋ ಮೆದುಳೇ ಮಂಕಾಗಿರುತ್ತೆ.

ಪಕ್ಕದ ಮನೆ ಮಾತ್ರೆ ಎಷ್ಟು ದಿನದಿಂದ ತಗೋತಾ ಇದ್ದಾರೆ ಅಂತ ಕೇಳಿ ತಿಳ್ಕೊಳ್ಳಿ. ನಾಲ್ಕೈದು ದಿನ ಅಂದ್ರೆ ಬೇರೆ, ತಿಂಗಳುಗಟ್ಟಲೆ ಆಗಿದ್ರೆ ಮೇಲೆ ತಿಪಟೂರಿನ ಅಮ್ಮನಿಗೆ ಹೇಳಿದ್ದೇ ನಿಮಗೂ, ಡಾಕ್ಟ್ರಿಗೆ ತೋರಿಸದೆ ಕಿತ್ತುಕೊಳ್ಳಬೇಡಿ. ಅಲ್ಲಿವರೆಗೆ ಹಾಸಿಗೆಯಿಂದ ಬಾತ್‌ರೂಮಿನ ತನಕ ಒಂದು ಸಣ್ಣ ಲೈಟು, ದಾರೀಲಿರೋ ಕಾಲೊರೆಸು ತೆಗೀರಿ, ಹವಾಯಿ ಚಪ್ಪಲಿ ಬದಲು ಹಿಂದೆ ಪಟ್ಟಿ ಇರೋದು, ಬಾತ್‌ರೂಮಿಗೆ ಒಳಗಿಂದ ಚಿಲಕ ಬೇಡ. ಆಮೇಲೆ ಮಧ್ಯಾಹ್ನ ಊಟ ಆದ್ಮೇಲೆ ಎರಡು ತಾಸು ಮಲಗಿ, ರಾತ್ರಿ ಎಂಟಕ್ಕೆ ಟೀವಿ ಮುಂದೆ ಒಂದು ತಾಸು ತೂಕಡಿಸಿ, ಒಂಬತ್ತಕ್ಕೆ ಹಾಸಿಗೆ ಹಿಡಿದ್ರೆ ಮೂರು ಗಂಟೆಗೆ ಎಚ್ಚರ ಆಗದೆ ಇನ್ನೇನಾಗುತ್ತೆ ಹೇಳಿ.

ಹೈಸ್ಕೂಲ್ ಟೀಚರ್, 45 ವರ್ಷ. ಮೂರು ತಿಂಗಳಿಂದ ನಿದ್ದೆ ಸರಿ ಇಲ್ಲ. ಡಾಕ್ಟ್ರು ಎರಡು ವಾರಕ್ಕೆ ಅಂತ ಮಾತ್ರೆ ಬರೆದಿದ್ದಾರೆ. ತಂದಿಟ್ಟು ಹತ್ತು ದಿನ ಆಯ್ತು, ಅಭ್ಯಾಸ ಆಗಿಬಿಡುತ್ತೆ ಅಂತ ಭಯ, ಮುಟ್ಟಿಲ್ಲ. ಒಂಬತ್ತೂವರೆಗೆ ಮಲಗ್ತೀನಿ, ಆರೂವರೆಗೆ ಏಳ್ತೀನಿ, ನಡುವೆ ಎಲ್ಲಾ ಸೇರಿ ಐದೂವರೆ ಗಂಟೆ ನಿದ್ದೆ ಬಂದ್ರೆ ಹೆಚ್ಚು. — ಶಿವಮೊಗ್ಗ

ನಿಮ್ಮ ಡಾಕ್ಟ್ರು ಎರಡು ವಾರ ಅಂತ ಬರೆದಿದ್ದಾರಲ್ಲ, ಅವರಿಗೆ ನನ್ನ ನಮಸ್ಕಾರ ಹೇಳಿ. ಇಲ್ಲಿವರೆಗೆ ಓದಿದವರು ಮಾತ್ರೆ ಅಂದ್ರೆ ವಿಷ ಅಂದ್ಕೊಂಡಿರಬಹುದು, ಹಾಗಿಲ್ಲ. ಎರಡು ವಾರ, ಹೆಚ್ಚಂದ್ರೆ ನಾಲ್ಕು ವಾರ, ಬರೆದ ಡೋಸ್, ಜೊತೆಗೆ ಎಣ್ಣೆ ಇಲ್ಲ, ಯಾವತ್ತು ನಿಲ್ಲಿಸೋದು ಅಂತ ಮೊದಲೇ ಗೊತ್ತಿದೆ, ಇಷ್ಟಿದ್ರೆ ಆರೋಗ್ಯವಾಗಿರೋ 45ರವರಿಗೆ ಅಭ್ಯಾಸ ಆಗೋ ಭಯ ಕಮ್ಮಿ. ಗರ್ಭಿಣಿ, ಮಗುಗೆ ಹಾಲು ಕುಡಿಸೋರು, ಲಿವರ್ ತೊಂದರೆ ಇರೋರು, ಗೊರಕೆಯವರು ಇವ್ರು ಮಾತ್ರ ಮೊದಲೇ ಡಾಕ್ಟ್ರಿಗೆ ಹೇಳಬೇಕು. ಮೊದಲ ಮಾತ್ರೇನ ಶನಿವಾರ ರಾತ್ರಿ ತಗೊಳ್ಳಿ, ಭಾನುವಾರ ಬೆಳಿಗ್ಗೆ ತಲೆ ಹೇಗಿರುತ್ತೆ ನೋಡ್ಕೊಂಡು ಆಮೇಲೆ ಸ್ಕೂಟಿ ಮುಟ್ಟಿ. ಕ್ಯಾಲೆಂಡರಲ್ಲಿ ಹದಿನಾಲ್ಕನೇ ದಿನಕ್ಕೆ ಒಂದು ರೌಂಡ್ ಹಾಕಿ.

ಆದ್ರೆ ನಿಮ್ಮ ಪತ್ರದಲ್ಲಿ ಮಾತ್ರೆಗಿಂತ ಮುಖ್ಯವಾದ ಲೆಕ್ಕ ಒಂದಿದೆ. ಹಾಸಿಗೇಲಿ ಒಂಬತ್ತು ಗಂಟೆ, ನಿದ್ದೆ ಐದೂವರೆ. ಅಂದ್ರೆ ಮೂರೂವರೆ ಗಂಟೆ ಹಾಸಿಗೇಲಿ ಬಿದ್ಕೊಂಡು ಚಿಂತೆ ಮಾಡೋದು. ಮೂರು ತಿಂಗಳಿಂದ ಹೀಗೇ ನಡೆದ್ರೆ ಹಾಸಿಗೆ ಅಂದ್ರೇನೇ ಚಿಂತೆ ಮಾಡೋ ಜಾಗ ಅಂತ ತಲೆಗೆ ಕೂತುಬಿಡುತ್ತೆ, ಹಾಲಲ್ಲಿ ಸೋಫಾ ಮೇಲೆ ತೂಕಡಿಸ್ತಾ ಇದ್ದೋರು ಹೋಗಿ ಮಲಗಿದ ತಕ್ಷಣ ಕಣ್ಣು ಪಿಳಿಪಿಳಿ ಆಗೋದು ಅದಕ್ಕೇ. ಇದಕ್ಕಿರೋ, ಮಾತ್ರೆ ಇಲ್ದೆ ಮಲಗೋ ಅಭ್ಯಾಸ, ಯೋಚನೆ ಬದಲಾಯಿಸೋ ಚಿಕಿತ್ಸೆಗೆ ಸಿಬಿಟಿ-ಐ ಅಂತಾರೆ, 2016ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಅನ್ನೋ ವೈದ್ಯರ ಸಂಘ ದೀರ್ಘಕಾಲದ ನಿದ್ರಾಹೀನತೆ ಇರೋ ಎಲ್ಲಾ ವಯಸ್ಕರಿಗೂ ಮಾತ್ರೆಗಿಂತ ಮೊದಲು ಇದನ್ನೇ ಕೊಡಿ ಅಂತ ಹೇಳ್ತು. ನಮ್ಮಲ್ಲಿ ಇದನ್ನ ಕಲಿಸೋ ಸೈಕಾಲಜಿಸ್ಟ್‌ಗಳು ಊರೂರಲ್ಲಿ ಸಿಗಲ್ಲ ಅನ್ನೋದು ನಿಜ, ಆದ್ರೆ ಅದರ ತಿರುಳು ಸರಳ.

ನೀವು ಏಳೋ ಟೈಮ್ ಆರೂವರೆ ಅಂತ ಇಟ್ಕೊಳ್ಳಿ, ಭಾನುವಾರಾನೂ ಆರೂವರೆನೇ, ಹಬ್ಬಾನೂ ಆರೂವರೆನೇ. ನಿದ್ದೆ ಬರೋದು ಐದೂವರೆ ಗಂಟೆ ತಾನೇ, ಅದಕ್ಕೆ ಅರ್ಧ ಸೇರಿಸಿ ಆರು ಗಂಟೆ, ಅಂದ್ರೆ ಹಾಸಿಗೆಗೆ ಹೋಗೋದು ರಾತ್ರಿ ಹನ್ನೆರಡೂವರೆಗೆ. ಹೌದು, ಹನ್ನೆರಡೂವರೆಗೆ. ಎಲ್ರೂ ಇಲ್ಲೇ ನನ್ನ ಮುಖ ನೋಡ್ತಾರೆ, ನಿದ್ದೆ ಬರಲ್ಲ ಅಂತ ಬಂದ್ರೆ ಇವನು ಮಲಗಬೇಡ ಅಂತಾನಲ್ಲ ಅಂತ. ಹಸಿವಾದ್ರೆ ಊಟ ರುಚಿಸೋ ಹಾಗೆ ನಿದ್ದೆಗೂ ಹಸಿವು ಬೇಕು, ಮೊದಲ ವಾರ ಹಗಲು ಒದ್ದಾಟ, ಎರಡನೇ ವಾರದ ಹೊತ್ತಿಗೆ ತಲೆ ಇಟ್ಟ ತಕ್ಷಣ ನಿದ್ದೆ ಹತ್ತೋಕೆ ಶುರು ಆಗುತ್ತೆ. ಹಾಸಿಗೇಲಿರೋ ಹೊತ್ತಲ್ಲಿ ನೂರಕ್ಕೆ 85ರಷ್ಟು ನಿದ್ದೆ ಆಗ್ತಿದೆ ಅಂದಾಗ ಹದಿನೈದು ಹದಿನೈದು ನಿಮಿಷ ಹಿಂದಕ್ಕೆ ತಗೊಂಡು ಬನ್ನಿ, ಹನ್ನೆರಡೂಕಾಲು, ಹನ್ನೆರಡು, ಹೀಗೆ. ನಡುವೆ ಎಚ್ಚರ ಆಗಿ ಇಪ್ಪತ್ತು ನಿಮಿಷ ಆಯ್ತು ಅನ್ಸಿದ್ರೆ ಎದ್ದು ಹಾಲಿಗೆ ಹೋಗಿ, ಮಂದ ಬೆಳಕಲ್ಲಿ ಆನ್ಸರ್ ಪೇಪರ್ ಬಿಟ್ಟು ಬೇರೆ ಏನಾದ್ರೂ ಓದಿ, ತೂಕಡಿಕೆ ಬಂದಾಗ ವಾಪಸ್. ಗಡಿಯಾರ ನೋಡಬೇಡಿ. ಸಂಜೆ ಐದರ ಕಾಫಿ ಕೈ ಬಿಡಿ, ಮಲೆನಾಡಿನವರಿಗೆ ಇದು ಹೇಳಬಾರದ ಮಾತು ನಿಜ, ಆದ್ರೆ ಕೆಫೀನು ಅರ್ಧ ಇಳಿಯೋಕೇ ಸುಮಾರು ಐದು ಗಂಟೆ ಬೇಕು. ಫಿಟ್ಸ್ ಕಾಯಿಲೆ, ಬೈಪೋಲಾರ್ ಇರೋರು, ಬಸ್ಸು ಲಾರಿ ಓಡಿಸೋರು ಈ ನಿದ್ದೆ ಕಡಿತಾನ ಸ್ವಂತಕ್ಕೆ ಮಾಡಬಾರದು, ಐದು ಗಂಟೆಗಿಂತ ಕಮ್ಮಿ ಯಾರೂ ಮಾಡಬಾರದು. ಮಾತ್ರೆ ತಗೊಳ್ಳೋ ಎರಡು ವಾರದಲ್ಲೇ ಇದನ್ನೂ ಶುರು ಮಾಡ್ಬಹುದಾ ಅಂತ ನಿಮ್ಮ ಡಾಕ್ಟ್ರನ್ನ ಕೇಳಿ, ನಾನಾದ್ರೆ ಹೂಂ ಅಂತೀನಿ.

ಮೊದಲು ಕೇಳಿದ್ರೆ ಹತ್ತು ಮಾತ್ರೆ ಸುಮ್ನೆ ಕೊಡ್ತಿದ್ದ ಮೆಡಿಕಲ್ ಶಾಪಿನವನು ಈಗ ಹೊಸ ಚೀಟಿ ಬೇಕೇ ಬೇಕು ಅಂತಾನೆ, ಹೆಸರು ಬರ್ಕೋತಾನೆ. ನಾವೇನು ಕಳ್ಳರಾ? — ದಾವಣಗೆರೆ

ಅವನು ಮೊದಲು ಮಾಡ್ತಿದ್ದಿದ್ದೇ ತಪ್ಪು, ಈಗ ಮಾಡ್ತಿರೋದು ಸರಿ. 2014ರ ಮಾರ್ಚ್ 1ರಿಂದ ಶೆಡ್ಯೂಲ್ ಎಚ್1 ಅಂತ ಔಷಧ ನಿಯಮದ ಒಂದು ಪಟ್ಟಿ ಜಾರಿಗೆ ಬಂದಿದೆ, ಆಲ್ಪ್ರಜೋಲಮ್, ಡಯಾಜೆಪಾಮ್, ನೈಟ್ರಾಜೆಪಾಮ್, ಜೋಲ್ಪಿಡೆಮ್ ಎಲ್ಲಾ ಅದ್ರಲ್ಲಿವೆ. ಚೀಟಿ ಬರೆದ ಡಾಕ್ಟ್ರ ಹೆಸರು ವಿಳಾಸ, ರೋಗಿ ಹೆಸರು, ಯಾವ ಮಾತ್ರೆ, ಎಷ್ಟು ಅಂತ ಬೇರೆ ರಿಜಿಸ್ಟರಲ್ಲಿ ಬರೆದು ಮೂರು ವರ್ಷ ಇಡಬೇಕು. ಸ್ಟ್ರಿಪ್ ಹಿಂದೆ ಕೆಂಪು ಗೆರೆಯ ಚೌಕದಲ್ಲಿ ಎಚ್ಚರಿಕೆ ಇರುತ್ತೆ ನೋಡಿ. ಫೋನಲ್ಲಿ ಡಾಕ್ಟ್ರ ಹತ್ರ ಮಾತಾಡಿ ಬರೆಸ್ಕೊಳ್ತೀನಿ ಅಂದ್ರೂ ಕಷ್ಟ, 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ಮಾದಕ ವಸ್ತು ತಡೆಯೋ ಎನ್‌ಡಿಪಿಎಸ್ ಕಾಯ್ದೆ ಪಟ್ಟೀಲಿರೋ ಇಂಥ ಮಾತ್ರೆಗಳನ್ನ ಹಾಗೆ ಬರೆಯಂಗಿಲ್ಲ. ಹಾಗಾಗಿ ಮಾತ್ರೆ ಮುಗಿಯೋಕೆ ಒಂದು ವಾರ ಇರೋವಾಗಲೇ ಅಪಾಯಿಂಟ್‌ಮೆಂಟ್ ತಗೊಳ್ಳಿ, ಕೊನೇ ಮಾತ್ರೆ ನುಂಗಿ ಶನಿವಾರ ರಾತ್ರಿ ಅಂಗಡಿ ಅಂಗಡಿ ಅಲೀಬೇಡಿ.

ಮನೇಲಿ ತಿಂಗಳುಗಟ್ಟಲೆ ಸ್ಟಾಕ್ ಇಡೋದೂ ಒಳ್ಳೇದಲ್ಲ, ಮಕ್ಕಳ ಕೈಗೆ ಸಿಗೋ ಹಾಗೆ ಫ್ರಿಜ್ ಮೇಲೆ, ದೇವರ ಮನೆ ಗೂಡಲ್ಲಿ ಅಂತೂ ಬೇಡ. ಮನೇಲಿ ಯಾರಾದ್ರೂ ತುಂಬಾ ಬೇಜಾರಲ್ಲಿ, ಬದುಕೇ ಬೇಡ ಅನ್ನೋ ಮಾತಾಡ್ತಾ ಇದ್ರೆ ಮಾತ್ರೆ ಬೀಗ ಹಾಕಿ ಇನ್ನೊಬ್ರು ಇಟ್ಕೊಳ್ಳಿ, ಒಂದೊಂದು ರಾತ್ರಿಗೆ ಒಂದೊಂದೇ ಕೊಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಲ್ಲಿ ಫೋನ್ ಮಾಡಿದ್ರೂ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಅಶ್ವಗಂಧ, ಮೆಲಟೋನಿನ್ ಇವಕ್ಕೆ ಸೈಡ್ ಎಫೆಕ್ಟ್ ಇಲ್ವಂತೆ, ನಿದ್ದೆ ಮಾತ್ರೆ ಜೊತೆಗೇ ತಗೋಬಹುದಾ? — ಹಾಸನ

ಸೈಡ್ ಎಫೆಕ್ಟ್ ಇಲ್ಲ ಅನ್ನೋದು ಜಾಹೀರಾತಿನ ಮಾತು. ಅಶ್ವಗಂಧಕ್ಕೂ ಮಂಪರು ತರೋ ಗುಣ ಇದೆ, ಮಾತ್ರೆ ಜೊತೆ ಸೇರಿದ್ರೆ ಮಂಪರು ಹೆಚ್ಚು. ಥೈರಾಯ್ಡ್ ಇರೋರು ಹುಷಾರು, ಲಿವರಿಗೆ ತೊಂದರೆ ಆದ ಪ್ರಕರಣಗಳೂ ವರದಿ ಆಗಿವೆ. ಮೆಲಟೋನಿನ್ ಅನ್ನೋದು ಕತ್ತಲಾಯ್ತು ಅಂತ ಮೈಗೆ ಹೇಳೋ ಹಾರ್ಮೋನು, ವಿಮಾನದಲ್ಲಿ ದೇಶ ದಾಟಿದವರಿಗೆ, ಶಿಫ್ಟ್ ಅದಲು ಬದಲಾದವರಿಗೆ ಪರವಾಗಿಲ್ಲ, ತಿಂಗಳುಗಟ್ಟಲೆ ಚಿಂತೇಲಿ ನಿದ್ದೆ ಕೆಟ್ಟವರಿಗೆ ಅದರಿಂದ ದೊಡ್ಡ ಪ್ರಯೋಜನ ಕಾಣೆ. ಏನೇ ತಗೊಂಡ್ರೂ ಡಬ್ಬಿ ತಗೊಂಡು ಹೋಗಿ ಡಾಕ್ಟ್ರಿಗೆ ತೋರಿಸಿ, 'ಅದೇನೋ ಆಯುರ್ವೇದದ್ದು' ಅಂದ್ರೆ ನಮಗೇನೂ ಗೊತ್ತಾಗಲ್ಲ.

ಮಗಳ ಬಾಣಂತನಕ್ಕೆ ಮೂರು ತಿಂಗಳು ದುಬೈಗೆ ಹೊರಟಿದ್ದೇನೆ. ರಾತ್ರಿ ಆಲ್ಪ್ರಜೋಲಮ್ 0.25 ತಗೊಳ್ತೇನೆ. ಬ್ಯಾಗಿನಲ್ಲಿ ಹಾಕಿಕೊಂಡು ಹೋದರೆ ಆಯ್ತಲ್ಲ? — ಉಡುಪಿ

ಸುಮ್ನೆ ಹಾಕ್ಕೊಂಡು ಹೋದ್ರೆ ಆಗಲ್ಲ, ಕೇಳಿದ್ದು ಒಳ್ಳೇದಾಯ್ತು. ಯುಎಇಯಲ್ಲಿ ಇಂಥ ಮಾತ್ರೆಗಳು ನಿಯಂತ್ರಿತ ಪಟ್ಟೀಲಿವೆ, ಒಳಗೆ ತರೋ ಮೊದಲೇ ಅಲ್ಲಿನ ಸರ್ಕಾರದಿಂದ ಆನ್‌ಲೈನಲ್ಲಿ ಅನುಮತಿ ತಗೋಬೇಕು, ಇಲ್ದಿದ್ರೆ ಏರ್‌ಪೋರ್ಟಲ್ಲೇ ಪೊಲೀಸ್ ಕೇಸ್ ಆಗಬಹುದು. ಮಗಳಿಗೋ ಅಳಿಯನಿಗೋ ಹೇಳಿ ಈಗಲೇ ಅರ್ಜಿ ಹಾಕಿಸಿ, ಎಷ್ಟು ದಿನದ ಮಾತ್ರೆ ತರಬಹುದು ಅಂತ ಅದ್ರಲ್ಲೇ ಹೇಳ್ತಾರೆ. ಡಾಕ್ಟ್ರ ಹತ್ರ ಇಂಗ್ಲಿಷಲ್ಲಿ, ಮಾತ್ರೆಯ ಮೂಲ ಹೆಸರು, ಡೋಸ್, ಯಾಕೆ ಅಂತ ಸ್ಪಷ್ಟವಾಗಿ ಬರೆಸಿ ಸೀಲ್ ಹಾಕಿಸ್ಕೊಳ್ಳಿ, ಮಾತ್ರೆ ಅಂಗಡಿಯ ಸ್ಟ್ರಿಪ್ಪಲ್ಲೇ ಇರ್ಲಿ, ವಾರದ ಡಬ್ಬಿಗೆ ಬಿಡಿಸಿ ತುಂಬಬೇಡಿ, ಕೈಚೀಲದಲ್ಲೇ ಇಟ್ಕೊಳ್ಳಿ. ಅನುಮತಿ ಸಿಗಲ್ಲ ಅಂತಾದ್ರೆ ಹೊರಡೋ ಹಿಂದಿನ ರಾತ್ರಿ ನಿಲ್ಲಿಸಿ ಹೋಗೋ ಕೆಲಸ ಮಾತ್ರ ಮಾಡಬೇಡಿ, ಇಳಿಸೋಕೆ ವಾರಗಳು ಬೇಕು.

ಇನ್ನೊಂದು, ಅಲ್ಲಿ ರಾತ್ರಿ ಮಗು ಅತ್ತಾಗ ಎದ್ದು ಎತ್ತಿಕೊಳ್ಳೋದು ನೀವೇ ತಾನೇ? ಮಾತ್ರೆ ತಗೊಂಡ ರಾತ್ರಿ ಕೂಸನ್ನ ನಿಮ್ಮ ಪಕ್ಕದಲ್ಲಿ ಮಲಗಿಸ್ಕೋಬೇಡಿ, ಎತ್ತಿಕೊಂಡು ಓಡಾಡಲೂ ಬೇಡಿ, ಅಳಿಯನನ್ನ ಎಬ್ಬಿಸಿ.